ತಿರುವಲ್ಲಿಕ್ಕೇಣಿಯ ಮಂಡಯಂ ಮನೆತನಗಳು



ಮೈಸೂರಿನ ಚರಿತ್ರೆ ಬರೆಯುವವರಿಗೆ ಮದರಾಸು ಎಂದರೆ ದಂಡು ಹೊರಟುಬಂದ ಊರು. ಮದರಾಸಿನ ಚರಿತ್ರೆ ಬರೆಯುವವರಿಗೆ ಮೈಸೂರು ಎಂದರೆ ಕುದುರೆ ಸವಾರರು ದಾಳಿಯಿಟ್ಟ ದಿಕ್ಕು. ಯುದ್ಧದ ಅಧ್ಯಾಯ ಮುಗಿದೊಡನೆ ಇಬ್ಬರೂ ಪುಟ ಮಗುಚುತ್ತಾರೆ. ಹಾಗೆ ಮಗುಚಿದ ಪುಟದಲ್ಲಿ ಉಳಿದುಹೋದ ಒಂದು ಪೇಟೆಯನ್ನು ಕುರಿತು ಈ ಉಪನ್ಯಾಸ. ಅದು ಚೆನ್ನೈಯ ತಿರುವಲ್ಲಿಕ್ಕೇಣಿ. ಇಂಗ್ಲಿಷರ ಕಾಗದಪತ್ರಗಳಲ್ಲಿ ಟ್ರಿಪ್ಲಿಕೇನ್. ಸೇಂಟ್ ಜಾರ್ಜ್ ಕೋಟೆಗೆ ದಕ್ಷಿಣದಲ್ಲಿ, ಕೂವಂ ಹೊಳೆ ದಾಟಿದರೆ ಸಿಗುವ, ಪೂರ್ವಕ್ಕೆ ಸಮುದ್ರವೇ ಎಲ್ಲೆಯಾದ ಈ ಪ್ರದೇಶದಲ್ಲಿ ಪಾರ್ಥಸಾರಥಿಯ ಗುಡಿ, ಆರ್ಕಾಟಿನ ನವಾಬರ ಅರಮನೆ, ವಾಲಾಜಾ ಮಸೀದಿ, ಪ್ರೆಸಿಡೆನ್ಸಿ ಕಾಲೇಜು, ಬೆಸ್ತರ ಕುಪ್ಪಗಳು ಎಲ್ಲವೂ ಕಾಲ್ನಡಿಗೆಯ ದೂರದಲ್ಲಿ ಇವೆ.

ಒಂದು ಪೇಟೆಯನ್ನೇ ಹಿಡಿದು ಚರಿತ್ರೆ ಬರೆಯುವುದರಲ್ಲಿ ಲಾಭವೂ ಉಂಟು, ಅಪಾಯವೂ ಉಂಟು. ಸಾಮ್ರಾಜ್ಯದ ಚರಿತ್ರೆಯಲ್ಲಿ ಒಪ್ಪಂದಗಳು ಕಾಣುತ್ತವೆ, ವ್ಯಕ್ತಿಚರಿತ್ರೆಯಲ್ಲಿ ವೀರರು ಕಾಣುತ್ತಾರೆ. ಯಾರ ಮನೆಯ ಪಕ್ಕ ಯಾರಿದ್ದರು, ಯಾರಿಗೆ ಯಾರು ಸಾಲ ಕೊಟ್ಟರು, ಅಚ್ಚಿನ ಯಂತ್ರ ಯಾರ ಹೆಸರಿನಲ್ಲಿತ್ತು ಎಂಬ ಸಂಗತಿಗಳು ಕಾಣಬೇಕಾದರೆ ಬೀದಿಗೆ ಇಳಿಯಬೇಕು. ಅಪಾಯ ಯಾವುದೆಂದರೆ ಊರಭಿಮಾನ. ಲೋಕದಲ್ಲಿ ನಡೆದುದೆಲ್ಲ ನಮ್ಮ ಕೇರಿಯಲ್ಲೇ ಮೊದಲಾಯಿತು ಎನ್ನುವ ಚಪಲ. ಅದನ್ನು ದೂರವಿಟ್ಟೇ ಒಂದು ಮಾತು ಹೇಳಬಯಸುತ್ತೇನೆ: ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮದರಾಸಿನಲ್ಲಿ ಕಾಣಿಸಿಕೊಂಡ ಕ್ರಾಂತಿಕಾರಿ ರಾಜಕೀಯಕ್ಕೆ ಹಣ, ಮನೆ, ಅಚ್ಚುಕೂಟ ಒದಗಿಸಿದವರಲ್ಲಿ ಮೈಸೂರು ಸೀಮೆಯಿಂದ ಬಂದು ತಿರುವಲ್ಲಿಕ್ಕೇಣಿಯಲ್ಲಿ ನೆಲೆನಿಂತ ಮಂಡಯಂ ಶ್ರೀವೈಷ್ಣವ ಮನೆತನಗಳ ಪಾಲು ದೊಡ್ಡದು. ಅವರು ತಮಿಳಿನಲ್ಲಿ, ಇಂಗ್ಲಿಷಿನಲ್ಲಿ ಬರೆದರು ಎಂಬ ಒಂದೇ ಕಾರಣಕ್ಕೆ ಕನ್ನಡದ ಚರಿತ್ರೆ ಅವರನ್ನು ತನ್ನ ಲೆಕ್ಕಕ್ಕೆ ಹಿಡಿದಿಲ್ಲ.

ಮೊದಲು ನೆಲದ ವಿಚಾರ. ಪಾರ್ಥಸಾರಥಿ ದೇವಾಲಯದಲ್ಲಿ ಪಲ್ಲವ ದಂತಿವರ್ಮನ ಕಾಲದ ಶಾಸನವಿದೆ. ಆಳ್ವಾರರು ಈ ಕ್ಷೇತ್ರವನ್ನು ಹಾಡಿದ್ದಾರೆ. ಈಸ್ಟ್ ಇಂಡಿಯಾ ಕಂಪನಿಯವರು 1639ರಲ್ಲಿ ಮದರಾಸಪಟ್ಟಣದ ಮರಳು ದಂಡೆಯನ್ನು ಪಡೆದಾಗ ತಿರುವಲ್ಲಿಕ್ಕೇಣಿ ಆಗಲೇ ಹಳೆಯ ಊರು. 1676ರಲ್ಲಿ ಅವರು ಅದನ್ನು ಗೋಲ್ಕೊಂಡದ ಸುಲ್ತಾನನಿಂದ ವರ್ಷಕ್ಕೆ 50 ಪಗೋಡದ ಗುತ್ತಿಗೆಗೆ ಹಿಡಿದರು. ಕೋಟೆಯ ಗೋಡೆಯೊಳಗೆ ಬಿಳಿಯರ ಪಟ್ಟಣ, ಅದಕ್ಕೆ ಅಂಟಿಕೊಂಡು ವರ್ತಕರ ಕರಿಯರ ಪಟ್ಟಣ. ತಿರುವಲ್ಲಿಕ್ಕೇಣಿ ಎರಡಕ್ಕೂ ಹೊರಗಿತ್ತು. ಕಂಪನಿಯ ಕಂದಾಯಕ್ಕೆ ಒಳಪಟ್ಟಿದ್ದರೂ ಕಂಪನಿಯ ಗೋಡೆಗೆ ಒಳಪಡದ ಈ ಸ್ಥಿತಿಯಿಂದಾಗಿ ಅಲ್ಲಿನ ಬೀದಿಗಳು ಗುಡಿಯ ಸುತ್ತ ತಮ್ಮ ಹಳೆಯ ಲಯದಲ್ಲೇ ಬೆಳೆದವು.

ಈ ಲಯ ಕದಡಿದ್ದು ನವಾಬ ಮಹಮ್ಮದ್ ಅಲಿ ವಾಲಾಜಾ ಆರ್ಕಾಟನ್ನು ಬಿಟ್ಟು ಇಂಗ್ಲಿಷರ ತೋಪಿನ ಆಸರೆಗೆ ಬಂದಾಗ. 1768ರ ಹೊತ್ತಿಗೆ ಚೇಪಾಕಿನಲ್ಲಿ ಅವನ ಅರಮನೆ ಎದ್ದಿತು. ಚೇಪಾಕ್ ಎಂದರೆ ಇಂದಿನವರಿಗೆ ಕ್ರಿಕೆಟ್ ನೆನಪಾಗುತ್ತದೆ. ಆ ಮೈದಾನವೂ ಅರಮನೆಯ ಆವರಣದ ನೆಲವೇ. ಅರಮನೆ ಎದ್ದ ಮರುವರ್ಷ, 1769ರ ಮಾರ್ಚ್ ಕೊನೆಯಲ್ಲಿ, ಹೈದರಾಲಿ ತನ್ನ ಸವಾರರೊಡನೆ ಮಿಂಚಿನಂತೆ ಮದರಾಸಿನ ಹೊರವಲಯದ ಪರಂಗಿಮಲೆಯ ಬಳಿ ಬಂದು ನಿಂತ. ಕಂಪನಿ ಏಪ್ರಿಲ್‌ನಲ್ಲಿ ಅವನ ಷರತ್ತಿಗೆ ಒಪ್ಪಿ ಸಹಿ ಹಾಕಬೇಕಾಯಿತು. ತನ್ನ ರಾಜ್ಯವನ್ನು ಬಿಟ್ಟು ರಕ್ಷಣೆಗಾಗಿ ಸಮುದ್ರ ತೀರಕ್ಕೆ ಬಂದ ನವಾಬನಿಗೆ ಮೈಸೂರಿನ ದಂಡಿನ ಧೂಳು ಅಲ್ಲಿಯೂ ಬೆನ್ನು ಬಿಡಲಿಲ್ಲ.

ನವಾಬನನ್ನು ಮುಳುಗಿಸಿದ್ದು ಮಾತ್ರ ಹೈದರನ ಕತ್ತಿಯಲ್ಲ, ಸಾಲದ ಪತ್ರ. ಇಂಗ್ಲಿಷರ ಯುದ್ಧಗಳ ಖರ್ಚಿಗೆ ನವಾಬ ಹೊಣೆಗಾರ. ಆ ಖರ್ಚಿಗಾಗಿ ಅವನಿಗೆ ಸಾಲ ಕೊಟ್ಟವರು ಕಂಪನಿಯ ನೌಕರರೇ. ಸಾಲಕ್ಕೆ ಆಧಾರ ಹಳ್ಳಿಗಳ ಕಂದಾಯ. ಪಾಲ್ ಬೆನ್‌ಫೀಲ್ಡ್‌ನಂಥವರು ಈ ಬಡ್ಡಿಯಲ್ಲಿ ಶ್ರೀಮಂತರಾಗಿ ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಪ್ರಭಾವ ಕೊಂಡುಕೊಂಡರು. ಎಡ್ಮಂಡ್ ಬರ್ಕ್ 1785ರಲ್ಲಿ ಆರ್ಕಾಟಿನ ಸಾಲಗಳ ಮೇಲೆ ಮಾಡಿದ ದೀರ್ಘ ಭಾಷಣಕ್ಕೆ ಕಾರಣ ಇದೇ. ಚೇಪಾಕಿನ ವೈಭವವೆಲ್ಲ ಕೈಗಡದ್ದು. ಆದರೂ ಆ ಕಾಲದ ಆಸ್ಥಾನ ಈ ಪೇಟೆಗೆ ಪರ್ಷಿಯನ್, ಉರ್ದು ಬಲ್ಲ ಮುನಷಿಗಳನ್ನು, ಹಕೀಮರನ್ನು, ಲಿಪಿಕಾರರನ್ನು ತಂದಿತು. 1795ರಲ್ಲಿ ಕಟ್ಟಿದ ವಾಲಾಜಾ ಮಸೀದಿಯ ಕಾಲಸೂಚಕ ಪರ್ಷಿಯನ್ ಶಾಸನವನ್ನು ರಚಿಸಿದವರು ರಾಜಾ ಮಖನ್ ಲಾಲ್ ಎಂಬ ಹಿಂದೂ ಮುನಷಿ. ಧರ್ಮದ ಹೆಸರಿನಲ್ಲಿ ಈ ಬೀದಿಗಳನ್ನು ಗೆರೆ ಕೊಯ್ದು ನೋಡುವವರು ಆ ಕಲ್ಲನ್ನೊಮ್ಮೆ ನೋಡಬೇಕು.

ಇನ್ನು ಶ್ರೀರಂಗಪಟ್ಟಣದ ಕಾಗದಗಳ ಪ್ರಕರಣ. ಇದನ್ನು ತುಸು ವಿವರವಾಗಿಯೇ ಹೇಳಬೇಕು. 1792ರ ಒಪ್ಪಂದದ ಪ್ರಕಾರ ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾಳುಗಳಾಗಿ ಮದರಾಸಿಗೆ ಬಂದರು. ಅವರೊಡನೆ ಗುಲಾಂ ಅಲಿ ಖಾನ್, ಅಲಿ ರಜಾ ಖಾನ್ ಎಂಬ ವಕೀಲರು ಇದ್ದರು. 1794ರಲ್ಲಿ ಮಕ್ಕಳು ಮರಳುವವರೆಗೆ ಈ ವಕೀಲರಿಗೂ ನವಾಬನ ಮನೆತನಕ್ಕೂ ಹೋಗುಬರುವ ಸಂಬಂಧವಿತ್ತು. ನವಾಬ ಇಂಥ ಮಾತಾಡಿದ, ಅವನ ಮಗ ಇಂಥ ಸ್ನೇಹ ತೋರಿದ ಎಂದು ಅವರು ಸುಲ್ತಾನನಿಗೆ ಬರೆದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ಪತ್ರಗಳು ಅರಮನೆಯಲ್ಲಿ ಸಿಕ್ಕವು. ವೆಬ್, ಕ್ಲೋಸ್ ಎಂಬ ಇಬ್ಬರು ಅಧಿಕಾರಿಗಳು ವಿಚಾರಣೆ ನಡೆಸಿದರು. ರಾಜದ್ರೋಹವೆನ್ನುವಂಥದ್ದು ಆ ಪತ್ರಗಳಲ್ಲಿ ಇರಲಿಲ್ಲ ಎಂದು ಆಮೇಲಿನ ಹಲವು ಇತಿಹಾಸಕಾರರು, ಅವರಲ್ಲಿ ಇಂಗ್ಲಿಷರೂ ಸೇರಿ, ಹೇಳಿದ್ದಾರೆ. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಬೇಕಾಗಿದ್ದುದು ಸಾಕ್ಷ್ಯವಲ್ಲ, ನೆಪ. 1801ರ ಜುಲೈಯಲ್ಲಿ ವಾಲಾಜಾನ ಮಗ, ನವಾಬ ಉಮ್ದತ್-ಉಲ್-ಉಮರಾ ಸಾವಿನ ಹಾಸಿಗೆಯಲ್ಲಿರುವಾಗಲೇ ಕಂಪನಿಯ ಪಡೆ ಚೇಪಾಕ್ ಅರಮನೆಯನ್ನು ಕಾವಲಿಗೆ ತೆಗೆದುಕೊಂಡಿತು. ಅವನ ಮಗ ಕಂಪನಿಯ ಷರತ್ತುಗಳನ್ನು ಒಪ್ಪಲಿಲ್ಲ. ಒಪ್ಪಿದ ಅಜೀಮ್-ಉದ್-ದೌಲಾ ಪಟ್ಟಕ್ಕೆ ಬಂದ. ಜುಲೈ 31ರ ಒಪ್ಪಂದದೊಂದಿಗೆ ಆರ್ಕಾಟಿನ ಸೀಮೆಯ ಆಡಳಿತ ಇಡಿಯಾಗಿ ಕಂಪನಿಯ ಕೈಸೇರಿತು. ಮದರಾಸಿನಲ್ಲಿ ಬರೆದ ಕಾಗದಗಳು ಕಾವೇರಿಯ ನಡುಗಡ್ಡೆಗೆ ಹೋಗಿ, ಅಲ್ಲಿಂದ ಲೂಟಿಯ ಪೆಟ್ಟಿಗೆಯಲ್ಲಿ ಹಿಂದಿರುಗಿ, ತಿರುವಲ್ಲಿಕ್ಕೇಣಿಯ ಅರಮನೆಯನ್ನೇ ಉರುಳಿಸಿದವು.

1855ರಲ್ಲಿ ಕೊನೆಯ ನವಾಬ ಗುಲಾಂ ಮಹಮ್ಮದ್ ಘೌಸ್ ಖಾನ್ ಮಕ್ಕಳಿಲ್ಲದೆ ತೀರಿಕೊಂಡರು. ಪದವಿ ರದ್ದಾಯಿತು, ಅರಮನೆ ಸರ್ಕಾರದ ಪಾಲಾಯಿತು. ಮುಂದೆ ರಾಬರ್ಟ್ ಚಿಸೋಮ್ ಅದನ್ನು ತಿದ್ದಿ ಬೆಳೆಸಿದ. ರೆವಿನ್ಯೂ ಬೋರ್ಡಿನ ಕಚೇರಿ ಅಲ್ಲಿಗೆ ಬಂತು. ಬಳ್ಳಾರಿಯೂ ದಕ್ಷಿಣ ಕನ್ನಡವೂ ಮದರಾಸು ಪ್ರಾಂತ್ಯದಲ್ಲಿದ್ದಷ್ಟು ಕಾಲ ಅಲ್ಲಿನ ರೈತರ ಜಮಾಬಂದಿ, ಮಾಫಿ, ಅಪೀಲುಗಳ ಕೊನೆಯ ಮೆಟ್ಟಿಲು ಈ ಚೇಪಾಕೇ. ಅರಮನೆಯ ಎದುರಿಗೆ 1870ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ಕಟ್ಟಡ ಸಿದ್ಧವಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವವರೆಗೆ ಮೈಸೂರಿನ ಹುಡುಗರಿಗೂ ಪದವಿ ಕೊಡುತ್ತಿದ್ದುದು ಮದರಾಸು ವಿಶ್ವವಿದ್ಯಾನಿಲಯ. ಮಾಸ್ತಿಯವರು 1914ರಲ್ಲಿ ಎಂ.ಎ. ಮಾಡಿದ್ದು ಇದೇ ಪ್ರೆಸಿಡೆನ್ಸಿಯಲ್ಲಿ. 1864ರಲ್ಲಿ ಬೆಂಗಳೂರಿಗೆ ರೈಲು ಬಂದಿತ್ತು. ಕಾಲೇಜು, ಕೋರ್ಟು, ಕಚೇರಿ, ರೈಲು ಇವು ನಾಲ್ಕೂ ಕೂಡಿ ಮೈಸೂರು ಸೀಮೆಯ ಓದುಬರಹದ ಕುಟುಂಬಗಳನ್ನು ಕಡಲ ತೀರಕ್ಕೆ ಸೆಳೆದವು.

ಆ ಕುಟುಂಬಗಳಲ್ಲಿ ಮಂಡಯಂ ಶ್ರೀವೈಷ್ಣವರು ವಿಶೇಷ. ಮೇಲುಕೋಟೆ, ಶ್ರೀರಂಗಪಟ್ಟಣ, ಮಂಡ್ಯಗಳ ಸುತ್ತ ನೆಲೆಗೊಂಡಿದ್ದ ಈ ಸಮುದಾಯದ ಮನೆಮಾತು ಕನ್ನಡ ದಟ್ಟವಾಗಿ ಬೆರೆತ ಒಂದು ಬಗೆಯ ತಮಿಳು. ಆದ್ದರಿಂದ ಅವರನ್ನು ಕನ್ನಡಿಗರೆಂದು ಏಕಪಕ್ಷೀಯವಾಗಿ ಬರೆದುಕೊಳ್ಳುವುದೂ ತಪ್ಪು, ತಮಿಳರೆಂದು ಬಿಟ್ಟುಕೊಡುವುದೂ ತಪ್ಪು. ಟಿಪ್ಪುವಿನ ಕಾಲದಲ್ಲಿ ರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ಕಂಪನಿಯೊಡನೆ ಮಾತುಕತೆ ನಡೆಸಿದ ತಿರುಮಲ ರಾವ್, ನಾರಾಯಣ ರಾವ್ ಸೋದರರನ್ನು ಈ ಸಮುದಾಯ ತನ್ನವರೆಂದು ಹೇಳಿಕೊಳ್ಳುತ್ತದೆ. 1782ರ ಅಕ್ಟೋಬರಿನಲ್ಲಿ ತಂಜಾವೂರಿನ ರೆಸಿಡೆಂಟ್ ಜಾನ್ ಸಲಿವನ್ನನೊಡನೆ ತಿರುಮಲ ರಾವ್ ಮಾಡಿಕೊಂಡ ಒಡಂಬಡಿಕೆ ಒಡೆಯರ ಮನೆತನದ ಪುನಃಪ್ರತಿಷ್ಠೆಯನ್ನು ಗುರಿಯಾಗಿಸಿಕೊಂಡಿತ್ತು. ಇದಕ್ಕೆ ಪ್ರತೀಕಾರವಾಗಿ ನರಕ ಚತುರ್ದಶಿಯ ದಿನ ತಮ್ಮವರ ಹತ್ಯೆಯಾಯಿತು ಎಂಬ ನೆನಪು ಸಮುದಾಯದಲ್ಲಿದೆ. ಇಂದಿಗೂ ಅನೇಕ ಮಂಡಯಂ ಮನೆಗಳಲ್ಲಿ ದೀಪಾವಳಿಯಿಲ್ಲ. ಈ ಘಟನೆಯ ವಿವರಗಳ ಬಗ್ಗೆ ವಿದ್ವಾಂಸರಲ್ಲಿ ತಕರಾರಿದೆ, ರಾಜಕೀಯದವರಲ್ಲಿ ಇನ್ನೂ ಹೆಚ್ಚಿದೆ. ನನ್ನ ವಾದಕ್ಕೆ ಬೇಕಾದ್ದು ಇಷ್ಟೇ: ಹದಿನೆಂಟನೆಯ ಶತಮಾನದಲ್ಲಿ ಈ ಮನೆತನಗಳಲ್ಲಿ ಕೆಲವರು ಕಂಪನಿಯನ್ನು ಆಪತ್ತಿನ ನೆಂಟನೆಂದು ನಂಬಿದ್ದರು. ಅವರ ಮೊಮ್ಮಕ್ಕಳ ಮಕ್ಕಳು ಅದೇ ಆಳ್ವಿಕೆಯನ್ನು ಕಿತ್ತೊಗೆಯಲು ಮನೆಮಾರು ಒತ್ತೆಯಿಟ್ಟರು.

ಮದರಾಸಿನಲ್ಲಿ ಅವರು ತಿರುವಲ್ಲಿಕ್ಕೇಣಿಯನ್ನೇ ಆರಿಸಿದ್ದಕ್ಕೆ ಕಾರಣ ಗುಡಿ. ತೆಂಗಲೆ ಸಂಪ್ರದಾಯದ ಈ ದೇವಾಲಯದ ಸನ್ನಿಧಿಯಲ್ಲಿ ಕೇಶವ ಸೋಮಯಾಜಿ ಯಜ್ಞ ಮಾಡಿದ ಫಲವಾಗಿ ರಾಮಾನುಜರು ಹುಟ್ಟಿದರು ಎಂದು ಐತಿಹ್ಯ. ರಾಮಾನುಜರಿಗೆ ಆಶ್ರಯ ಕೊಟ್ಟ ಮೇಲುಕೋಟೆಯವರಿಗೆ ಇದು ಪರಸ್ಥಳವೆನಿಸಲಿಲ್ಲ. ಒಂದು ಮನೆ ಬಂದರೆ ಅದರ ಬೆನ್ನಿಗೆ ಸೋದರಮಾವ, ಭಾವಮೈದುನ, ಓದಲು ಬಂದ ತಂಗಿಯ ಮಗ. ವಠಾರ ತುಂಬುವುದು ಹೀಗೆ.

ಸಭಿಕರೇ, ಈ ಪೇಟೆಯ ಸಾರ್ವಜನಿಕ ಜೀವನ ಬಂಡಾಯದಿಂದ ಶುರುವಾದದ್ದಲ್ಲ. 1878ರಲ್ಲಿ ಟಿ. ಮುತ್ತುಸ್ವಾಮಿ ಅಯ್ಯರ್ ಹೈಕೋರ್ಟಿನ ನ್ಯಾಯಾಧೀಶರಾದಾಗ ಇಂಗ್ಲಿಷರ ಪತ್ರಿಕೆಗಳು ಮೂಗು ಮುರಿದವು. ಅದಕ್ಕೆ ಉತ್ತರವಾಗಿ ತಿರುವಲ್ಲಿಕ್ಕೇಣಿ ಸಾಹಿತ್ಯ ಸಂಘದ ಆರು ಮಂದಿ, ಇಬ್ಬರು ಮೇಷ್ಟರು ಮತ್ತು ನಾಲ್ವರು ಕಾನೂನು ವಿದ್ಯಾರ್ಥಿಗಳು, ಒಂದೂಮುಕ್ಕಾಲು ರೂಪಾಯಿ ಸಾಲ ಎತ್ತಿ, ಆ ಸೆಪ್ಟೆಂಬರ್ 20ರಂದು 80 ಪ್ರತಿ ಅಚ್ಚು ಹಾಕಿಸಿದರು. ಅದೇ 'ದಿ ಹಿಂದೂ'. ಅವರಲ್ಲೊಬ್ಬರಾದ ಜಿ. ಸುಬ್ರಹ್ಮಣ್ಯ ಅಯ್ಯರ್ 1882ರಲ್ಲಿ 'ಸ್ವದೇಶಮಿತ್ರನ್' ತೆಗೆದರು. ಇವರು ಕೇಳಿದ್ದು ನ್ಯಾಯ, ರಾಜ್ಯವಲ್ಲ. ಆದರೆ ಪತ್ರಿಕೆ ನಡೆಸುವುದು ಮನೆಮನೆಯ ಕೆಲಸ ಎಂಬ ಅಭ್ಯಾಸ ಈ ಬೀದಿಗಳಿಗೆ ಬಂದದ್ದು ಅವರಿಂದ.

ಅಭ್ಯಾಸವನ್ನು ಮುಂದಿನ ಹಂತಕ್ಕೆ ಒಯ್ದವರು ಚಿಕ್ಕಮಗಳೂರಿನಲ್ಲಿ 1865ರಲ್ಲಿ ಹುಟ್ಟಿದ ಅಳಸಿಂಗ ಪೆರುಮಾಳ್. ಮಂಡಯಂ ಕುಟುಂಬದ ಇವರು ಪಚ್ಚಯಪ್ಪ ಪ್ರೌಢಶಾಲೆಯಲ್ಲಿ ಮೇಷ್ಟರು, ವಾಸ ತಿರುವಲ್ಲಿಕ್ಕೇಣಿ. 1892ರಲ್ಲಿ ಸ್ವಾಮಿ ವಿವೇಕಾನಂದರು ಮೈಸೂರಿಗೆ ಬಂದಾಗ ಶೇಷಾದ್ರಿ ಅಯ್ಯರ್, ಚಾಮರಾಜ ಒಡೆಯರು ಆದರಿಸಿದ ಸಂಗತಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮರುವರ್ಷ ಅವರನ್ನು ಷಿಕಾಗೋಗೆ ಕಳಿಸಲು ಮದರಾಸಿನಲ್ಲಿ ಮನೆಮನೆ ತಿರುಗಿ ಚಂದಾ ಎತ್ತಿದ ಯುವಕರ ಮುಂದಾಳು ಈ ಅಳಸಿಂಗರು ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. 1895ರಲ್ಲಿ ಅವರು 'ಬ್ರಹ್ಮವಾದಿನ್' ಪತ್ರಿಕೆ ಆರಂಭಿಸಿದರು. 1909ರಲ್ಲಿ ತೀರಿಕೊಳ್ಳುವವರೆಗೂ ಅದಕ್ಕಾಗಿ ದುಡಿದರು. ಅವರದು ವೇದಾಂತ, ಬಾಂಬಿನ ಮಾತು ಅವರ ಮನೆಯಲ್ಲಿರಲಿಲ್ಲ. ಆದರೂ ಪರಿಚಿತ ಮೇಷ್ಟರೊಬ್ಬರ ಮಾತಿನ ಮೇಲೆ, ರಶೀದಿ ಕೇಳದೆ, ಒಂದು ದೊಡ್ಡ ಕೆಲಸಕ್ಕೆ ದುಡ್ಡು ಕೊಡಬಹುದು ಎಂಬ ನಂಬಿಕೆಯ ಜಾಲವನ್ನು ಹೆಣೆದದ್ದು ಇಂಥ ಚಂದಾ ಎತ್ತುವಿಕೆ. ಹತ್ತು ವರ್ಷದ ಮೇಲೆ ಬೇರೆ ಉದ್ದೇಶಕ್ಕೆ ಅದೇ ಜಾಲ ಬಳಕೆಯಾಯಿತು, ಅದೇ ನೆಂಟರ ನಡುವೆ.

1897ರ ಫೆಬ್ರವರಿಯಲ್ಲಿ ಹಿಂದಿರುಗಿದ ವಿವೇಕಾನಂದರು ಇಳಿದುಕೊಂಡದ್ದು ಕಡಲ ದಂಡೆಯ ಐಸ್ ಹೌಸಿನಲ್ಲಿ. ಅಮೆರಿಕದ ಬಾಸ್ಟನ್ನಿನಿಂದ ಹಡಗಿನಲ್ಲಿ ಬರುತ್ತಿದ್ದ ಮಂಜುಗಡ್ಡೆಯನ್ನು ದೊರೆಗಳ ಪಾನೀಯಕ್ಕಾಗಿ ಶೇಖರಿಸಿಡಲು 1840ರ ದಶಕದಲ್ಲಿ ಕಟ್ಟಿದ ಗುಂಡು ಕಟ್ಟಡ ಅದು. ಆ ವ್ಯಾಪಾರ ನಿಂತ ಮೇಲೆ ವಕೀಲ ಬಿಳಿಗಿರಿ ಅಯ್ಯಂಗಾರರು ಅದನ್ನು ಕೊಂಡು ಮನೆ ಮಾಡಿಕೊಂಡಿದ್ದರು. ಮುಂದೆ ರಾಮಕೃಷ್ಣಾನಂದರು ದಕ್ಷಿಣದ ಮೊದಲ ರಾಮಕೃಷ್ಣ ಮಠವನ್ನು ಅಲ್ಲೇ ನಡೆಸಿದರು. ಇನ್ನೂ ಮುಂದೆ ಸಿಸ್ಟರ್ ಸುಬ್ಬಲಕ್ಷ್ಮಿಯವರು ಬಾಲವಿಧವೆಯರಿಗೆ ಓದು ಕಲಿಸುವ ವಸತಿಗೃಹವನ್ನು ಅಲ್ಲಿಗೆ ತಂದರು. ತಲೆ ಬೋಳಿಸಿಕೊಂಡು ಹಿತ್ತಲಲ್ಲಿ ಬದುಕು ಸವೆಸಬೇಕಿದ್ದ ಹುಡುಗಿಯರು ಅಲ್ಲಿಂದ ಮೇಷ್ಟರಾಗಿ ಹೊರಬಂದರು. ಕ್ರಾಂತಿ ಎಂಬುದನ್ನು ಪಿಸ್ತೂಲಿನಿಂದ ಅಳೆಯುವವರು ಈ ಕಟ್ಟಡದ ಮುಂದೆ ತಲೆಯೆತ್ತದೆ ಹಾದುಹೋಗುತ್ತಾರೆ.

ಈಗ 'ಇಂಡಿಯಾ' ವಾರಪತ್ರಿಕೆಗೆ ಬರೋಣ. ನನ್ನ ಉಪನ್ಯಾಸದ ನಡುಗಂಬ ಇದು. ಸುಬ್ರಹ್ಮಣ್ಯ ಭಾರತಿಯವರು 1904ರ ಕೊನೆಗೆ ಮದರಾಸಿಗೆ ಬಂದು 'ಸ್ವದೇಶಮಿತ್ರನ್'ನಲ್ಲಿ ಉಪಸಂಪಾದಕರಾದರು. ಬಂಗಾಳದ ವಿಭಜನೆಯ ಮೇಲೆ ಅವರ ಬರಹ ಆ ಪತ್ರಿಕೆಯ ಮಿತ ರಾಜಕೀಯಕ್ಕೆ ಹಿಡಿಸದಷ್ಟು ಕಾವೇರಿತು. ಆಗ ಅವರಿಗೊಂದು ಪತ್ರಿಕೆಯನ್ನೇ ಕಟ್ಟಿಕೊಟ್ಟವರು ಮಂಡಯಂ ಬಂಧುಗಳು: ಎಸ್.ಎನ್. ತಿರುಮಲಾಚಾರ್ಯರು, ಎಸ್. ಶ್ರೀನಿವಾಸಾಚಾರ್ಯರು, ಜೊತೆಗೆ ಅಳಸಿಂಗರ ನೆಂಟ, ಹತ್ತೊಂಬತ್ತರ ಪ್ರಾಯದ ಹುಡುಗ ಎಂ.ಪಿ. ತಿರುಮಲ ಆಚಾರ್ಯ. 1906ರಲ್ಲಿ ಹೊರಬಂದ 'ಇಂಡಿಯಾ' ಫ್ರೆಂಚ್ ಕ್ರಾಂತಿಯ ಮೂರು ಘೋಷಗಳನ್ನು, ಸ್ವಾತಂತ್ರ್ಯ ಸಮಾನತೆ ಸೋದರತ್ವಗಳನ್ನು, ಹಣೆಯ ಮೇಲೆ ಹೊತ್ತಿತ್ತು. ತಮಿಳು ಪತ್ರಿಕೆಯಲ್ಲಿ ರಾಜಕೀಯ ವ್ಯಂಗ್ಯಚಿತ್ರ ಮೊದಲು ಕಂಡದ್ದು ಅದರಲ್ಲೇ. ಅಕ್ಷರ ಬಾರದವನಿಗೂ ಚಿತ್ರ ಅರ್ಥವಾಗುತ್ತದೆ, ಇದನ್ನು ಸರ್ಕಾರ ಬೇಗ ಗಮನಿಸಿತು. ತೂತುಕುಡಿಯ ವಿ.ಒ. ಚಿದಂಬರಂ ಪಿಳ್ಳೆಯವರು 1906ರಲ್ಲಿ ಸ್ವದೇಶಿ ಹಡಗು ಕಂಪನಿ ಕಟ್ಟಿದಾಗ ಈ ಪತ್ರಿಕೆ ಬೆನ್ನಿಗೆ ನಿಂತಿತು. 1907ರ ಕೊನೆಗೆ ಭಾರತಿ ಮತ್ತು ಗೆಳೆಯರು ತಿಲಕರ ಪಕ್ಷ ವಹಿಸಿ ಸೂರತ್ ಕಾಂಗ್ರೆಸಿಗೆ ಹೋದರು. ತೀವ್ರಗಾಮಿಗಳೆಲ್ಲ ಒಂದು ಕಡೆ, ಮಂದಗಾಮಿಗಳೆಲ್ಲ ಇನ್ನೊಂದು ಕಡೆ ಎಂದು ಶಾಲಾಪುಸ್ತಕದಂತೆ ಭಾವಿಸಬೇಡಿ. ಮಂದಗಾಮಿ ನಾಯಕ, ಮೈಲಾಪುರದ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಅದೇ 1907ರಲ್ಲಿ ಭಾರತಿಯವರ ದೇಶಗೀತೆಗಳನ್ನು ತಮ್ಮ ಖರ್ಚಿನಲ್ಲಿ 15,000 ಪ್ರತಿ ಅಚ್ಚು ಹಾಕಿಸಿ ಹಂಚಿದರು.

1908ರ ಮಾರ್ಚ್‌ನಲ್ಲಿ ಚಿದಂಬರಂ ಪಿಳ್ಳೆಯವರ ಬಂಧನ, ತಿರುನೆಲ್ವೇಲಿಯಲ್ಲಿ ಗಲಭೆ, ಗೋಲಿಬಾರು. ಬೇಸಗೆ ಕಳೆಯುವ ಹೊತ್ತಿಗೆ 'ಇಂಡಿಯಾ'ದ ಮೇಲೆ ರಾಜದ್ರೋಹದ ಮೊಕದ್ದಮೆ ಬಂತು. ಅಂದಿನ ಕಾನೂನಿನಲ್ಲಿ ಹೊಣೆ ಬೀಳುತ್ತಿದ್ದುದು ಮ್ಯಾಜಿಸ್ಟ್ರೇಟರ ಮುಂದೆ ಹೆಸರು ನೋಂದಾಯಿಸಿದವನ ಮೇಲೆ. 'ಇಂಡಿಯಾ'ದಲ್ಲಿ ಆ ಹೆಸರು ಬರೆದ ಭಾರತಿಯವರದಾಗಿರಲಿಲ್ಲ, ಹಣ ಹಾಕಿದ ತಿರುಮಲಾಚಾರ್ಯರದೂ ಆಗಿರಲಿಲ್ಲ. ಎಂ. ಶ್ರೀನಿವಾಸನ್ ಎಂಬವರದಾಗಿತ್ತು. ಅವರಿಗೆ ಐದು ವರ್ಷ ಸಜೆಯಾಯಿತು. ಭಾರತಿ ಫ್ರೆಂಚರ ಪುದುಚೇರಿಗೆ ತಪ್ಪಿಸಿಕೊಂಡರು. ಅವರ ಬೆನ್ನಿಗೇ ಅಚ್ಚಿನ ಯಂತ್ರವೂ ಮಂಡಯಂ ಬಂಧುಗಳೂ ಅಲ್ಲಿ ಸೇರಿದರು. ಅಕ್ಟೋಬರಿನಿಂದ 'ಇಂಡಿಯಾ' ಪುದುಚೇರಿಯಲ್ಲಿ ಮತ್ತೆ ಹೊರಟು, ಬ್ರಿಟಿಷ್ ಸೀಮೆಯೊಳಗೆ ಅದರ ಪ್ರವೇಶ ನಿಷೇಧವಾದ ಮೇಲೆ 1910ರ ಮಾರ್ಚ್‌ನಲ್ಲಿ ನಿಂತಿತು. ಹೋರಾಟದ ತಂತ್ರವಾಗಿ ಈ ಪಲಾಯನವನ್ನು ಸಮರ್ಥಿಸಬಹುದು, ನಾನೂ ಸಮರ್ಥಿಸುತ್ತೇನೆ. ಆದರೆ ಪೂರ್ತಿ ಲೆಕ್ಕ ಬರೆಯುವಾಗ ಜೈಲಿಗೆ ಹೋದವರ ಹೆಸರನ್ನು ಅಡಿಟಿಪ್ಪಣಿಗೆ ತಳ್ಳುವುದು ಅನ್ಯಾಯ. ಭಾರತಿಯವರಿಗೆ ಸ್ಮಾರಕಗಳಿವೆ, ಅವರು ಬರೆದುದಕ್ಕೆ ಶಿಕ್ಷೆ ಅನುಭವಿಸಿದ ಶ್ರೀನಿವಾಸನ್ ಅವರನ್ನು ಬಲ್ಲವರು ಎಷ್ಟು ಮಂದಿ?

ಪುದುಚೇರಿಯ ದಿನಗಳ ಅತ್ಯಂತ ಆಪ್ತ ಚಿತ್ರ ನಮಗೆ ಸಿಗುವುದು ಶ್ರೀನಿವಾಸಾಚಾರ್ಯರ ಮಗಳು ಯದುಗಿರಿ ಅಮ್ಮಾಳ್ ಬರೆದ ನೆನಪುಗಳಲ್ಲಿ. ಮಗಳಿಗಿಟ್ಟ ಹೆಸರು ಮೇಲುಕೋಟೆಯ ಬೆಟ್ಟದ್ದು. ಭಾರತಿಯವರ ಮನೆಗೂ ತಮ್ಮ ಮನೆಗೂ ಆಡಿಬೆಳೆದ ಬಾಲಕಿಯ ಕಣ್ಣಿನಲ್ಲಿ ಅವರು ಕಂಡದ್ದನ್ನು ಪೊಲೀಸರ ಗುಪ್ತ ವರದಿಗಳು ಕಾಣಲಾರವು. ಈ ಚರಿತ್ರೆಗೆ ಎರಡೂ ಬೇಕು. ವರದಿಯಲ್ಲಿ ತಾರೀಕು ಸಿಗುತ್ತದೆ, ನೆನಪಿನಲ್ಲಿ ಮನೆ ಸಿಗುತ್ತದೆ.

ಅಚ್ಚುಕೂಟದಷ್ಟೇ ಮುಖ್ಯ ಇನ್ನೊಂದು ಸ್ಥಳ, ಕಡಲ ದಂಡೆ. ಗವರ್ನರ್ ಗ್ರಾಂಟ್ ಡಫ್ 1880ರ ದಶಕದಲ್ಲಿ ದೊರೆಗಳ ಸಂಜೆಯ ವಾಯುಸೇವನೆಗೆಂದು ಮರೀನಾ ವಿಹಾರಪಥ ಹಾಕಿಸಿದ. ಸಭಾಂಗಣಕ್ಕೆ ಬಾಡಿಗೆಯಿದೆ, ಯಜಮಾನನಿದ್ದಾನೆ, ಅವನಿಗೆ ಪೊಲೀಸರ ಭಯವಿದೆ. ಮರಳಿಗೆ ಇವು ಯಾವುವೂ ಇಲ್ಲ. 1907ರ ಮೇ ತಿಂಗಳಲ್ಲಿ ಬಿಪಿನ್ ಚಂದ್ರ ಪಾಲರು ತಿರುವಲ್ಲಿಕ್ಕೇಣಿಯ ಮರಳಿನ ಮೇಲೆ ನಿಂತು ಸ್ವರಾಜ್ಯದ ಮೇಲೆ ಸರಣಿ ಉಪನ್ಯಾಸ ಮಾಡಿದಾಗ ಧ್ವನಿವರ್ಧಕವಿಲ್ಲದೆ ಸಾವಿರಾರು ಜನ ಕೇಳಿದರು. ತಿಲಕರ ಹೆಸರು ಪಡೆದ ತಿಲಕ್ ಘಾಟ್ ಮುಂದೆ ಇಡೀ ಪ್ರಾಂತ್ಯದ ಸಾರ್ವಜನಿಕ ಸಭೆಯ ಜಾಗವಾಯಿತು. 1919ರಲ್ಲಿ ರೌಲಟ್ ಶಾಸನದ ವಿರುದ್ಧ ಗಾಂಧಿಯವರು ಬಂದದ್ದು ಇದೇ ದಂಡೆಗೆ. 1930ರ ಏಪ್ರಿಲ್‌ನಲ್ಲಿ ಉಪ್ಪಿನ ಸತ್ಯಾಗ್ರಹದ ಜನಸಂದಣಿಯ ಮೇಲೆ ಪೊಲೀಸರ ಗುಂಡು ಹಾರಿದ್ದೂ ಇಲ್ಲಿಯೇ.

ತಿರುಮಲ ಆಚಾರ್ಯನೆಂಬ ಆ ಹುಡುಗನ ದಾರಿ ಈ ದಂಡೆಯಿಂದ ಬಹಳ ದೂರ ಹೋಯಿತು. 1887ರಲ್ಲಿ ಮದರಾಸಿನಲ್ಲಿ ಹುಟ್ಟಿ, ಪುದುಚೇರಿಯಲ್ಲಿ ಹಿಡಿಯಲು ಬರುವವರ ಸುಳಿವು ಸಿಕ್ಕಿ, 1908ರ ಕೊನೆಗೆ ಕೊಲಂಬೊ ಮಾರ್ಗವಾಗಿ ಯೂರೋಪು ಸೇರಿದರು. ಲಂಡನ್ನಿನ ಇಂಡಿಯಾ ಹೌಸಿನಲ್ಲಿ ಸಾವರ್ಕರ್, ವಿ.ವಿ.ಎಸ್. ಅಯ್ಯರ್ ಒಡನಾಟ. 1909ರಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬನನ್ನು ಕೊಂದ ಮದನ್‌ಲಾಲ್ ಧಿಂಗ್ರನನ್ನು ಖಂಡಿಸಲು ಕ್ಯಾಕ್ಸ್‌ಟನ್ ಹಾಲಿನಲ್ಲಿ ಸೇರಿದ ಸಭೆಯಲ್ಲಿ ಸಾವರ್ಕರ್ ಮೇಲೆ ಕೈಮಾಡಿದವನಿಗೆ ಕೋಲಿನಿಂದ ಉತ್ತರ ಕೊಟ್ಟವರು ಇವರೇ. ಯುದ್ಧವಿದ್ಯೆ ಕಲಿಯಲು ಮೊರಾಕ್ಕೋದ ರಿಫ್ ಬಂಡಾಯಗಾರರನ್ನು ಸೇರಹೋಗಿ ವಿಫಲರಾದರು. ಮಹಾಯುದ್ಧದ ಕಾಲಕ್ಕೆ ಬರ್ಲಿನ್ ಸಮಿತಿ, ತುರ್ಕಿ. 1919ರಲ್ಲಿ ರಾಜಾ ಮಹೇಂದ್ರ ಪ್ರತಾಪ, ಬರಕತುಲ್ಲಾ ಅವರೊಡನೆ ಮಾಸ್ಕೋದಲ್ಲಿ ಲೆನಿನ್ ಭೇಟಿ. 1920ರ ಅಕ್ಟೋಬರ್ 17ರಂದು ತಾಷ್ಕೆಂಟಿನಲ್ಲಿ ಭಾರತದ ಕಮ್ಯುನಿಸ್ಟ್ ಪಕ್ಷ ಸ್ಥಾಪಿಸಿದ ಏಳು ಮಂದಿಯಲ್ಲಿ ಇವರೊಬ್ಬರು. ಎಂ.ಎನ್. ರಾಯ್ ಜೊತೆ ಹೊಂದಲಿಲ್ಲ. ಕೆಲವೇ ತಿಂಗಳಲ್ಲಿ ಪಕ್ಷ ಅವರನ್ನು ಹೊರಹಾಕಿತು. ಬರ್ಲಿನ್ನಿಗೆ ಬಂದು ಸರ್ಕಾರವೆಂಬುದೇ ಬೇಡವೆನ್ನುವ ಅರಾಜಕತಾವಾದಿಗಳ ನಡುವೆ ನೆಲೆ ಕಂಡರು. ರಷ್ಯನ್ ಚಿತ್ರಕಲಾವಿದೆ ಮಾಗ್ದಾ ನಾಖ್ಮನ್ ಅವರನ್ನು ವರಿಸಿ, ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಮುಂಬಯಿಗೆ ಮರಳಿ, ಬಡತನದಲ್ಲೇ ಲೇಖನ ಬರೆಯುತ್ತ 1954ರಲ್ಲಿ ತೀರಿಕೊಂಡರು. ಸಾವರ್ಕರ್ ಅಭಿಮಾನಿಗಳಿಗೆ ಇವರು ಕಮ್ಯುನಿಸ್ಟ್, ಕಮ್ಯುನಿಸ್ಟರಿಗೆ ಪಕ್ಷದ್ರೋಹಿ, ಗಾಂಧಿವಾದಿಗಳಿಗೆ ಹಿಂಸಾವಾದಿ. ಯಾರ ಗೋಡೆಯ ಮೇಲೂ ಇವರ ಪಟಕ್ಕೆ ಮೊಳೆಯಿಲ್ಲ. ಅಧಿಕಾರದ ಕೇಂದ್ರೀಕರಣವನ್ನು ಕಂಪನಿಯಲ್ಲೂ ಕಾಮಿಂಟರ್ನಿನಲ್ಲೂ ಒಂದೇ ಕಣ್ಣಿನಿಂದ ಕಂಡವರು ಎಂಬ ಕಾರಣಕ್ಕೆ ನಾನು ಅವರನ್ನು ಈ ಪೇಟೆಯ ಅತ್ಯಂತ ಸ್ವತಂತ್ರ ಮನಸ್ಸೆಂದು ಎಣಿಸುತ್ತೇನೆ.

ಇಷ್ಟು ಹೇಳಿ ನಿಲ್ಲಿಸಿದರೆ ಗುಡಿಯ ನಾಲ್ಕು ಬೀದಿಗಳ ಪ್ರಶಸ್ತಿಯಾಗುತ್ತದೆ. ಆ ನಂಟಿನ ಜಾಲದಲ್ಲಿ ನಂಬಿಕೆ ಎಷ್ಟು ಬಿಗಿಯಾಗಿತ್ತೋ ಬಾಗಿಲೂ ಅಷ್ಟೇ ಬಿಗಿಯಾಗಿತ್ತು. ಸೋದರತ್ವವನ್ನು ತಲೆಬರಹದಲ್ಲಿ ಅಚ್ಚು ಹಾಕಿದ ಪೇಟೆಯ ಊಟದ ಹೋಟೆಲುಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ ಬ್ರಾಹ್ಮಣೇತರ ಹುಡುಗರಿಗೆ ಜಾಗ ಸಿಗುತ್ತಿರಲಿಲ್ಲ. ಡಾ. ಸಿ. ನಟೇಶ ಮುದಲಿಯಾರರು 1916ರಲ್ಲಿ ಅವರಿಗಾಗಿ ದ್ರಾವಿಡ ವಿದ್ಯಾರ್ಥಿನಿಲಯ ತೆರೆದದ್ದು ಇದೇ ತಿರುವಲ್ಲಿಕ್ಕೇಣಿಯಲ್ಲಿ. ಬ್ರಾಹ್ಮಣೇತರರ ಜಸ್ಟಿಸ್ ಪಕ್ಷದ ಬೇರೊಂದು ಇಲ್ಲಿಯೂ ಇದೆ. ಭಾರತಿಯಂಥ ಒಬ್ಬಿಬ್ಬರು ಜನಿವಾರದ ಗೆರೆ ದಾಟಿದರು, ಬೀದಿ ದಾಟಲಿಲ್ಲ.

ಪೂರ್ವದ ಅಂಚಿನಲ್ಲಿ, ಕಡಲಿಗೆ ತಾಗಿದ ಅಯೋಧ್ಯಾಕುಪ್ಪದ ಬೆಸ್ತರ ಮನೆಯಲ್ಲಿ 1860ರಲ್ಲಿ ಹುಟ್ಟಿದ ಸಿಂಗಾರವೇಲರ್ ಇನ್ನೊಂದು ದಾರಿ ತೆರೆದರು. 1923ರ ಮೇ 1ರಂದು ಅವರು ಹೈಕೋರ್ಟಿನೆದುರಿನ ದಂಡೆಯಲ್ಲೊಂದು, ತಿರುವಲ್ಲಿಕ್ಕೇಣಿಯ ದಂಡೆಯಲ್ಲೊಂದು ಸಭೆ ನಡೆಸಿ ಭಾರತದ ಮೊದಲ ಮೇ ದಿನ ಆಚರಿಸಿದರು. 1925ರ ಕಾನ್ಪುರದ ಕಮ್ಯುನಿಸ್ಟ್ ಸಮ್ಮೇಳನದ ಅಧ್ಯಕ್ಷತೆ ಅವರದೇ. ಭಾರತದ ಕಮ್ಯುನಿಸ್ಟ್ ಪಕ್ಷ ತಾಷ್ಕೆಂಟಿನಲ್ಲಿ ಹುಟ್ಟಿತೋ ಕಾನ್ಪುರದಲ್ಲೋ ಎಂದು ಪಕ್ಷಗಳು ಇಂದಿಗೂ ಜಗಳವಾಡುತ್ತವೆ. ಆ ಎರಡು ಸಭೆಗಳಲ್ಲೂ ಮುಂದೆ ಕೂತವರು ಈ ಒಂದು ಪೇಟೆಯ ಸುತ್ತಮುತ್ತಲಿನವರು, ಒಬ್ಬರು ಗುಡಿಯ ಕಡೆಯಿಂದ, ಇನ್ನೊಬ್ಬರು ಬಲೆಯ ಕಡೆಯಿಂದ.

ಭಾರತಿ 1920ರಲ್ಲಿ ಮದರಾಸಿಗೆ ಮರಳಿ ತುಳಸಿಂಗ ಪೆರುಮಾಳ್ ಗುಡಿಯ ಬೀದಿಯಲ್ಲಿ ಮನೆ ಹಿಡಿದರು. ಪಾರ್ಥಸಾರಥಿ ದೇವಾಲಯದ ಆನೆ ಅವರನ್ನು ಕೆಡವಿದ ಕಥೆ ಪ್ರಸಿದ್ಧ. ಚೇತರಿಸಿಕೊಂಡರೂ ದೇಹ ಕುಗ್ಗಿತ್ತು. 1921ರ ಸೆಪ್ಟೆಂಬರಿನಲ್ಲಿ ಅದೇ ಮನೆಯಲ್ಲಿ ಕೊನೆಯುಸಿರೆಳೆದರು. ಆ ಮನೆ ಇಂದು ಸರ್ಕಾರದ ಸ್ಮಾರಕ. ಮಂಡಯಂ ಮನೆತನಗಳ ನೆನಪಿಗೆ ಅಂಥ ಗೋಡೆಯಿಲ್ಲ, ಅದಕ್ಕೆ ಅಳಬೇಕಾದ್ದೂ ಇಲ್ಲ. ಇರಬೇಕಾದ್ದು ಪುಸ್ತಕ.

ಆದ್ದರಿಂದ ನನ್ನ ಕೋರಿಕೆ ಎರಡು. ಮೈಸೂರಿನ ರಾಜಕೀಯ ಜಾಗೃತಿಯ ಪಾಠವನ್ನು 1881ರ ಪ್ರಜಾಪ್ರತಿನಿಧಿ ಸಭೆಯಿಂದ ಆರಂಭಿಸಿ ಶಿವಪುರ, ವಿದುರಾಶ್ವತ್ಥಗಳ ಸತ್ಯಾಗ್ರಹಗಳಿಗೆ ಕೊಂಡೊಯ್ಯುವ ನಮ್ಮ ವಿಶ್ವವಿದ್ಯಾನಿಲಯಗಳು ಮದರಾಸಿನ ಮೈಸೂರಿಗರಿಗೆ ಅಲ್ಲೊಂದು ಅಧ್ಯಾಯ ಕೊಡಲಿ. ಯದುಗಿರಿ ಅಮ್ಮಾಳರ ನೆನಪುಗಳು, ತಿರುಮಲ ಆಚಾರ್ಯರ ಆತ್ಮಕಥನದ ಬರಹಗಳು ನಮ್ಮ ಇತಿಹಾಸ ವಿಭಾಗಗಳ ಓದಿನ ಪಟ್ಟಿಗೆ ಸೇರಲಿ. ಎರಡನೆಯದು ಮನೆಗಳಿಗೆ ಸಂಬಂಧಿಸಿದ್ದು. ಮೈಸೂರು, ಮೇಲುಕೋಟೆ, ಬೆಂಗಳೂರು, ಚೆನ್ನೈಗಳಲ್ಲಿ ಹರಡಿರುವ ಈ ಕುಟುಂಬಗಳ ಅಟ್ಟಗಳಲ್ಲಿ ಇನ್ನೂ ಪತ್ರಗಳು, ಲೆಕ್ಕದ ಪುಸ್ತಕಗಳು, ಮದುವೆಯ ಆಹ್ವಾನಪತ್ರಗಳು ಉಳಿದಿರಬಹುದು. ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವ ಮೊದಲು ಅವುಗಳನ್ನು ರದ್ದಿಗೆ ಹಾಕದೆ ಯಾವುದಾದರೂ ಒಂದು ಪತ್ರಾಗಾರಕ್ಕೆ ಒಪ್ಪಿಸಬೇಕೆಂದು ಆ ಮನೆಗಳವರಲ್ಲಿ ವಿನಂತಿಸುತ್ತೇನೆ.